ಶೇಕಡಾ ನೂರರ ಸಾಧನೆ: ಅಳತೆಗೋಲು ಯಾರ ಕೈಯಲ್ಲಿ?



ಸರ್ಕಾರದ ಇಲಾಖೆಗಳು ವರ್ಷವಿಡೀ ಮಾಡಿದ ಕೆಲಸದ ಲೆಕ್ಕವನ್ನು ಶಾಸಕರ ಮುಂದೆ ಇಡಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಹಣ ಮಂಜೂರು ಮಾಡುವುದು ಶಾಸನಸಭೆ. ಆದ್ದರಿಂದ ಆ ಹಣದಿಂದ ಏನಾಯಿತೆಂದು ಕೇಳುವ ಹಕ್ಕೂ ಅದರದೇ. ಆದರೆ ಆ ಲೆಕ್ಕದಲ್ಲಿ ಅಳೆದದ್ದು ಯಾವುದನ್ನು, ಅಳೆದವರು ಯಾರು, ಎಲ್ಲಿ ನಿಂತು ಅಳೆದರು ಎಂಬುದನ್ನು ವಿಚಾರಿಸುವವರು ಕಡಿಮೆ. ಪತ್ರಿಕೆಯಲ್ಲಿ ‘ಗುರಿ ಮೀರಿದ ಸಾಧನೆ’ ಎಂದು ಓದಿ ಪುಟ ತಿರುವುತ್ತೇವೆ. ಆ ಸಾಧನೆ ನಮ್ಮ ತೋಟಕ್ಕೋ ಹೊಲಕ್ಕೋ ಬಂದಿಲ್ಲವೆಂದು ಕಂಡಾಗ, ಅಧಿಕಾರಿಗಳು ಸುಳ್ಳು ಹೇಳಿದರೆಂದು ಬೈಯುತ್ತೇವೆ. ನಿಜ ನೋಡಿದರೆ ಬಹಳಷ್ಟು ಸಲ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ಸತ್ಯವಾದ ಅಂಕಿಯೇ ಬೇರೆ ಯಾವುದನ್ನೋ ಅಳೆದಿರುತ್ತದೆ.

ಈ ಸಂಗತಿಯನ್ನು ವಿವರಿಸಲು ನಾವು ಕಾಫಿ-ಅಡಿಕೆಯ ಸೀಮೆಯನ್ನು ಬಿಟ್ಟು ಗದಗ ಜಿಲ್ಲೆಗೆ ಹೋಗುತ್ತಿದ್ದೇವೆ. ಮಳೆ ಹೆಚ್ಚಾಯಿತೆಂದು ಚಿಂತಿಸುವ ನಮಗೂ ಮಳೆ ಬರಲಿಲ್ಲವೆಂದು ಚಿಂತಿಸುವ ಅವರಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಹಕಾರಿಗಳಾದ ನಮಗೆ ಅದು ತವರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷ, 1905ರ ಮೇ ತಿಂಗಳಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ನೋಂದಾಯಿಸಿದರು. ನಮ್ಮೆಲ್ಲರ ಸಂಘಗಳು ಆ ಬಳ್ಳಿಯ ಕುಡಿಗಳು. ಅದಲ್ಲದೆ, ಅಂಕಿಗೂ ಅನುಭವಕ್ಕೂ ನಡುವಿನ ಅಂತರವನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಷ್ಟು ಸ್ಪಷ್ಟವಾಗಿ ತೋರಿಸುವ ಊರುಗಳು ಕಡಿಮೆ. ಅಲ್ಲಿ ಅಳೆಯುವ ವಸ್ತು ನೀರು. ಬಂತೋ ಇಲ್ಲವೋ ಎಂಬುದನ್ನು ಮಗುವೂ ಹೇಳಬಲ್ಲುದು.

ಸಂಘಗಳ ಎಣಿಕೆ, ಸಾಲದ ಎಣಿಕೆ

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡೋಣ. ಕಣಗಿನಹಾಳದ ಸಂಘ ಹುಟ್ಟಿದಾಗ ಗದಗ ಮುಂಬಯಿ ಪ್ರಾಂತದಲ್ಲಿತ್ತು. ಹತ್ತಿರದ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಒಂದೇ ದಿನ ಎತ್ತಿನ ಗಾಡಿಯಲ್ಲಿ ಮುಟ್ಟಬಹುದಾದ ಊರುಗಳ ಲೆಕ್ಕ ಮೂರು ಬೇರೆ ಬೇರೆ ಕಡೆಗೆ ಹೋಗುತ್ತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆಯೇ ಈ ಊರುಗಳ ಅಂಕಿಗಳು ಒಂದೇ ವಿಧಾನಸಭೆಯ ಮೇಜಿನ ಮೇಲೆ ಬಂದದ್ದು.

ಮುಂಬಯಿ ಪ್ರಾಂತದಲ್ಲಿ ಸಹಕಾರಿ ಸಂಘಗಳ ರಿಜಿಸ್ಟ್ರಾರರು ಪ್ರತಿ ವರ್ಷ ಸರ್ಕಾರಕ್ಕೆ ವರದಿ ಕೊಡುತ್ತಿದ್ದರು. ಸಂಘಗಳ ಸಂಖ್ಯೆ, ಸದಸ್ಯರ ಸಂಖ್ಯೆ, ದುಡಿಯುವ ಬಂಡವಾಳ, ಬಾಕಿ ಇವೆಲ್ಲ ಅದರಲ್ಲಿ ಇರುತ್ತಿದ್ದವು. ಚಳವಳಿ ಬೆಳೆಯುತ್ತಿದೆ ಎಂಬುದಕ್ಕೆ ಇವೇ ಸಾಕ್ಷಿ. 1917ರಲ್ಲಿ ಗದಗದಲ್ಲಿ ಹತ್ತಿ ಮಾರಾಟ ಸಹಕಾರಿ ಸಂಘವೂ ಬಂತು. ಬೆಳೆದ ಮಾಲನ್ನು ಒಟ್ಟಾಗಿ ಮಾರುವ ನಮ್ಮಂಥವರಿಗೆ ಅದೂ ಹಿರಿಯಣ್ಣ. ಹೀಗೆ ಎಣಿಕೆಯ ಪಟ್ಟಿ ಉದ್ದವಾಗುತ್ತಲೇ ಹೋಯಿತು.

ಆದರೆ 1951-52ರಲ್ಲಿ ರಿಸರ್ವ್ ಬ್ಯಾಂಕು ಎ. ಡಿ. ಗೋರವಾಲಾ ಅವರ ಅಧ್ಯಕ್ಷತೆಯ ಸಮಿತಿಯ ಮೂಲಕ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆಸಿದಾಗ ಪ್ರಶ್ನೆಯನ್ನೇ ತಿರುಗಿಸಿ ಕೇಳಲಾಯಿತು. ಸಂಘವನ್ನು ‘ನೀನು ಎಷ್ಟು ಸಾಲ ಕೊಟ್ಟೆ’ ಎಂದು ಕೇಳುವುದರ ಬದಲು, ರೈತನ ಮನೆಯ ಕಟ್ಟೆಯ ಮೇಲೆ ಕುಳಿತು ‘ನೀನು ಎಲ್ಲಿಂದ ಸಾಲ ತಂದೆ’ ಎಂದು ಕೇಳಿದರು. ದೇಶದ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಒಂದೂಕಾಲು ಲಕ್ಷಕ್ಕೂ ಹೆಚ್ಚು ಕುಟುಂಬಗಳನ್ನು ವಿಚಾರಿಸಿದ್ದಾಯಿತು. 1954ರಲ್ಲಿ ಪ್ರಕಟವಾದ ವರದಿಯ ಉತ್ತರ ಸಹಕಾರಿಗಳನ್ನು ದಂಗುಬಡಿಸಿತು. ರೈತ ಮಾಡಿದ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘದಿಂದ ಬಂದದ್ದು 3 ರೂಪಾಯಿ ಚಿಲ್ಲರೆ. ಸುಮಾರು 70 ರೂಪಾಯಿ ಸಾಹುಕಾರರಿಂದ. ಸುಮಾರು ಅರ್ಧ ಶತಮಾನದ ವಾರ್ಷಿಕ ವರದಿಗಳ ಅಂಕಿಗಳು ಸುಳ್ಳಾಗಿರಲಿಲ್ಲ. ಸಂಘಗಳು ಇದ್ದವು, ಸದಸ್ಯರೂ ಇದ್ದರು. ಕೊಡುವವನ ಪುಸ್ತಕದಲ್ಲಿ ತುಂಬಿ ಕಂಡದ್ದು ಪಡೆಯುವವನ ಅಡುಗೆಮನೆಯಲ್ಲಿ ಕಾಣಲಿಲ್ಲ, ಅಷ್ಟೆ.

ಈ ವಿಷಯವನ್ನು ನಾವು ಇನ್ನೊಂದು ಕಾರಣಕ್ಕೂ ಎತ್ತಿದ್ದೇವೆ. ಇಂದಿಗೂ ‘ಶೇಕಡಾ 95 ವಸೂಲಿ’ ಎಂದು ಹೆಮ್ಮೆಯಿಂದ ಹೇಳುವ ಸಂಘಗಳುಂಟು. ಮಾರ್ಚ್ ತಿಂಗಳ ಕೊನೆಗೆ ಕೈಸಾಲ ತಂದು ಕಟ್ಟಿ, ಮರುವಾರ ಅದೇ ಮೊತ್ತವನ್ನು ಹೊಸ ಸಾಲವಾಗಿ ಎತ್ತಿ ಕೈಸಾಲ ತೀರಿಸುವ ಪದ್ಧತಿ ಯಾವ ಸೀಮೆಯ ಬೆಳೆಗಾರನಿಗೂ ಹೊಸದಲ್ಲ. ಪುಸ್ತಕದಲ್ಲಿ ವಸೂಲಿಯೂ ಆಯಿತು, ಹೊಸ ಸಾಲ ವಿತರಣೆಯೂ ಆಯಿತು. ಎರಡು ಕಲಮುಗಳಲ್ಲಿ ಸಾಧನೆ. ರೈತನ ಕೈಗೆ ಬಂದ ಹೊಸ ಹಣ ಸೊನ್ನೆ, ಕೈಸಾಲದ ಬಡ್ಡಿ ಮಾತ್ರ ಲಾಭ! ಸದನದಲ್ಲಿ ‘ಇಷ್ಟು ಲಕ್ಷ ರೈತರಿಗೆ ಇಷ್ಟು ಕೋಟಿ ಬೆಳೆಸಾಲ’ ಎಂದು ಓದುವಾಗ ಅದರಲ್ಲಿ ಎಷ್ಟು ನವೀಕರಣ, ಎಷ್ಟು ಮಂದಿ ಮೊದಲ ಸಲ ಸಾಲ ಪಡೆದವರು ಎಂದು ಬಿಡಿಸಿ ಕೇಳುವ ಶಾಸಕರಿದ್ದರೆ ನಮ್ಮ ಚಳವಳಿಗೇ ಉಪಕಾರ.

ಶಾಸಕರ ಕೈಗೆ ಬರುವ ಕಾಗದಗಳು

ಇಲಾಖೆಯ ಸಾಧನೆ ಶಾಸಕರಿಗೆ ತಿಳಿಯುವ ದಾರಿಗಳು ಹಲವು. ಮುಂಗಡಪತ್ರದ ಜೊತೆಗೆ ಬರುವ ಬೇಡಿಕೆಗಳ ಪುಸ್ತಕಗಳಿವೆ, ಇಲಾಖೆಗಳ ವಾರ್ಷಿಕ ವರದಿಗಳಿವೆ, ರಾಜ್ಯದ ಆರ್ಥಿಕ ಸಮೀಕ್ಷೆ ಇದೆ. ಇವು ತೂಕದಲ್ಲಿ ಹೆಚ್ಚು, ಓದುಗರಲ್ಲಿ ಕಡಿಮೆ. ಹಣವನ್ನು ಸಂಬಳ, ಸಾದಿಲ್ವಾರು, ಕಾಮಗಾರಿ ಎಂದು ವಿಂಗಡಿಸಿದರೆ ಸಾಲದು, ಅದರಿಂದ ನಡೆದ ಕೆಲಸವನ್ನೂ ಬರೆಯಬೇಕೆಂದು 1966ರಲ್ಲಿ ನೇಮಕವಾದ ಮೊದಲನೆಯ ಆಡಳಿತ ಸುಧಾರಣಾ ಆಯೋಗವೇ ಹೇಳಿತ್ತು. ಕೇಂದ್ರ ಸರ್ಕಾರ 2005ರಲ್ಲಿ ‘ಫಲಿತಾಂಶ ಮುಂಗಡಪತ್ರ’ ಎಂಬುದನ್ನು ಸಂಸತ್ತಿನ ಮುಂದಿಟ್ಟಿತು. ಅಮೆರಿಕದಲ್ಲಿ 1993ರ ಒಂದು ಕಾಯ್ದೆಯ ಪ್ರಕಾರ ಪ್ರತಿಯೊಂದು ಇಲಾಖೆಯೂ ಮೊದಲೇ ಗುರಿ ಬರೆದುಕೊಟ್ಟು, ವರ್ಷಾಂತ್ಯಕ್ಕೆ ಸಾಧನೆಯನ್ನು ಅಲ್ಲಿನ ಕಾಂಗ್ರೆಸ್ಸಿಗೆ ಒಪ್ಪಿಸಬೇಕು. ಎಲ್ಲ ಕಡೆಯೂ ಆಸೆ ಒಂದೇ: ಖರ್ಚಿನ ಲೆಕ್ಕದಿಂದ ಫಲದ ಲೆಕ್ಕಕ್ಕೆ ಬರಬೇಕೆಂಬುದು.

ನಮ್ಮ ಶಾಸಕರಿಗೆ ನಿಜವಾಗಿ ಪರಿಚಯವಿರುವುದು ಕೆ.ಡಿ.ಪಿ. ಸಭೆ. ಜಿಲ್ಲಾ ಉಸ್ತುವಾರಿ ಸಚಿವರು ಜಿಲ್ಲಾ ಕೇಂದ್ರದಲ್ಲಿ, ಶಾಸಕರು ತಾಲೂಕಿನಲ್ಲಿ ನಡೆಸುವ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ ಸಭೆ ಅದು. ಅಧಿಕಾರಿಗಳು ಎದ್ದು ನಿಂತು ಓದುವ ಹಾಳೆಯಲ್ಲಿ ಭೌತಿಕ ಗುರಿ, ಭೌತಿಕ ಸಾಧನೆ, ಆರ್ಥಿಕ ಗುರಿ, ಆರ್ಥಿಕ ಸಾಧನೆ, ಕೊನೆಗೆ ಶೇಕಡಾ ಎಂಬ ಕಲಮುಗಳಿರುತ್ತವೆ. ‘ಭೌತಿಕ’ ಎಂದರೆ ಕೊರೆದ ಕೊಳವೆಬಾವಿ, ಕಟ್ಟಿದ ಕೊಠಡಿ, ವಿತರಿಸಿದ ಸಸಿ. ‘ಆರ್ಥಿಕ’ ಎಂದರೆ ಬಿಡುಗಡೆಯಾದ ಹಣದಲ್ಲಿ ಖರ್ಚಾದದ್ದು. ಕೊಳವೆಬಾವಿಯಲ್ಲಿ ಏಪ್ರಿಲ್ ತಿಂಗಳಿಗೂ ನೀರಿದೆಯೇ, ಸಸಿ ಎರಡನೆಯ ಬೇಸಿಗೆ ದಾಟಿತೇ ಎಂಬುದಕ್ಕೆ ಕಲಮಿಲ್ಲ. ಕಲಮಿಲ್ಲದ್ದು ಸಭೆಯಲ್ಲಿ ಚರ್ಚೆಗೆ ಬರಬೇಕಾದರೆ ಶಾಸಕರೇ ನೆನಪಿಟ್ಟು ಕೇಳಬೇಕು. ಒಳ್ಳೆಯ ಶಾಸಕರು ಕೇಳುತ್ತಾರೆ. ಆದರೆ ಉತ್ತರ ನಡವಳಿಯಲ್ಲಿ ದಾಖಲಾಗುವುದು ಮತ್ತೆ ಅದೇ ಕಲಮುಗಳಲ್ಲಿ.

ಮಾರ್ಚ್ ತಿಂಗಳಿನ ಅವಸರವೂ ಈ ಹಾಳೆಯದೇ ಕೂಸು. ಜನವರಿಯ ಸಭೆಯಲ್ಲಿ ಶೇಕಡಾ 40 ಎಂದು ತಲೆತಗ್ಗಿಸಿದ ಇಲಾಖೆ ಮಾರ್ಚ್ 31ಕ್ಕೆ ಶೇಕಡಾ 98 ತಲುಪುತ್ತದೆ. ಹಣವನ್ನು ಒಂದು ಸರ್ಕಾರಿ ಏಜೆನ್ಸಿಯ ಖಾತೆಗೆ ವರ್ಗಾಯಿಸಿದರೂ ಅದು ‘ಖರ್ಚು’ ಆಗುವುದುಂಟು. ಕೆಲಸ ಇನ್ನೂ ಸುಣ್ಣದ ಗೆರೆ ಎಳೆಯುವ ಹಂತದಲ್ಲಿರುತ್ತದೆ.

ಅಚ್ಚುಕಟ್ಟು ಎಂಬ ಮಾತಿನ ಅರ್ಥ

ಈಗ ಮುಂಡರಗಿಗೆ ಬರೋಣ. ಈ ತಾಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ ಸಿಂಗಟಾಲೂರು ಏತ ನೀರಾವರಿ ಯೋಜನೆ ಮಾಡಿದ್ದಾರೆ. ಗದಗ, ಕೊಪ್ಪಳ ಮತ್ತು ಹಿಂದಿನ ಬಳ್ಳಾರಿ ಜಿಲ್ಲೆಯ (ಈಗ ವಿಜಯನಗರಕ್ಕೆ ಸೇರಿದ) ಹೂವಿನಹಡಗಲಿ ಭಾಗಗಳಲ್ಲಿ ಒಟ್ಟು ಸುಮಾರು 2.65 ಲಕ್ಷ ಎಕರೆಗೆ ನೀರುಣಿಸಬೇಕೆಂಬುದು ಅದರ ಗುರಿ. ಕಪ್ಪತಗುಡ್ಡದ ಸೆರಗಿನ ಒಣಭೂಮಿಗೆ ಇದು ಎಂಥ ಆಸೆ ಎಂಬುದನ್ನು ಅಲ್ಲಿ ಬೇಸಿಗೆಯಲ್ಲಿ ಓಡಾಡಿದವರು ಬಲ್ಲರು.

ಇಂಥ ಯೋಜನೆಯ ಸಾಧನೆಯನ್ನು ಅಳೆಯುವುದು ಹೇಗೆ? ನೀರಾವರಿ ಇಲಾಖೆಯಲ್ಲಿ ಎರಡು ಮಾತುಗಳಿವೆ: ‘ಸೃಜಿಸಿದ ನೀರಾವರಿ ಸಾಮರ್ಥ್ಯ’ ಮತ್ತು ‘ಬಳಕೆಯಾದ ಸಾಮರ್ಥ್ಯ’. ಜಾಕ್‌ವೆಲ್ ಕಟ್ಟಿ, ಪಂಪು ಕೂರಿಸಿ, ಮುಖ್ಯ ಕಾಲುವೆ ಮತ್ತು ವಿತರಣಾ ಕಾಲುವೆಗಳನ್ನು ತೋಡಿದರೆ ಅದರ ಕೆಳಗಿನ ಜಮೀನಿಗೆ ಸಾಮರ್ಥ್ಯ ಸೃಷ್ಟಿಯಾದಂತೆ. ಆ ಎಕರೆಗಳು ವರದಿಗೆ ಸೇರುತ್ತವೆ. ಹೊಲಗಾಲುವೆ ತೋಡುವುದು, ಭೂಮಿ ಮಟ್ಟ ಮಾಡುವುದು, ವಿದ್ಯುತ್ತು ಬರುವುದು, ಕಾಲುವೆಯ ತಲೆಯಲ್ಲಿರುವವರು ಭತ್ತ-ಕಬ್ಬು ಹಾಕದೆ ಗೊತ್ತುಪಡಿಸಿದ ಅರೆನೀರಾವರಿ ಬೆಳೆಗೆ ನಿಲ್ಲುವುದು, ಇವೆಲ್ಲ ಆದ ಮೇಲೆ ಕೊನೆಯ ರೈತನ ಹೊಲಕ್ಕೆ ನೀರು. ಮೊದಲನೆಯ ಅಂಕಿಗೂ ಎರಡನೆಯದಕ್ಕೂ ನಡುವೆ ಹತ್ತಿಪ್ಪತ್ತು ವರ್ಷ ಹಿಡಿದ ಯೋಜನೆಗಳು ದೇಶದಲ್ಲಿ ಎಷ್ಟೋ ಇವೆ. ಈ ಅಂತರವನ್ನು ತುಂಬಲೆಂದೇ 1974-75ರಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ನಮ್ಮಲ್ಲಿ ಜನ ‘ಕಾಡಾ’ ಎನ್ನುವುದು ಅದರ ಪ್ರಾಧಿಕಾರವನ್ನೇ. ಅಷ್ಟಾದರೂ ಅಂತರ ಉಳಿದುಕೊಂಡಿತೆಂದು, ಮುಂದೆ ಕೇಂದ್ರದ ಜಲಸಂಪನ್ಮೂಲ ಸಚಿವಾಲಯ ಬೆಂಗಳೂರಿನದೂ ಸೇರಿ ನಾಲ್ಕು ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಂದ ಅದರ ಅಧ್ಯಯನ ಮಾಡಿಸಬೇಕಾಯಿತು.

ಇನ್ನೊಂದು ಸೂಕ್ಷ್ಮವಿದೆ. ನೀರಾವರಿ ಇಲಾಖೆಯವರು ಕಾಲುವೆಗೆ ಬಿಟ್ಟ ನೀರಿನಿಂದ ಎಕರೆ ಎಣಿಸುತ್ತಾರೆ. ಕಂದಾಯದವರು ಪಹಣಿಯ ಬೆಳೆ ಕಲಮಿನಿಂದ ಎಣಿಸುತ್ತಾರೆ. ಕೃಷಿ ಇಲಾಖೆಯವರು ಬಿತ್ತನೆಯಿಂದ ಎಣಿಸುತ್ತಾರೆ. ಒಂದೇ ಹೊಲ, ಮೂರು ಲೆಕ್ಕ. ಸದನದಲ್ಲಿ ಯಾವ ಸಚಿವರಿಗೆ ಪ್ರಶ್ನೆ ಹಾಕಿದಿರಿ ಎಂಬುದರ ಮೇಲೆ ಉತ್ತರ!

ಅಂಕಿಯಲ್ಲೇನಿದೆ, ನೀರು ಇವತ್ತಲ್ಲ ನಾಳೆ ಬಂದೀತು ಎನ್ನುವವರಿಗೆ ಇದೇ ಗದಗ ಜಿಲ್ಲೆಯ ನರಗುಂದವನ್ನು ನೆನಪಿಸಬೇಕು. ಆಗ ಅದು ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದು, ನರಗುಂದ-ನವಲಗುಂದದ ಕರಿಮಣ್ಣಿನ ಹೊಲಗಳು ಕಡತದಲ್ಲಿ ಅಚ್ಚುಕಟ್ಟಾದವು. ಅಚ್ಚುಕಟ್ಟಾದ ಭೂಮಿಯ ಬೆಲೆ ಹೆಚ್ಚಿತೆಂಬ ಲೆಕ್ಕದ ಮೇಲೆ ಸರ್ಕಾರ ಅಭಿವೃದ್ಧಿ ಕರ ಹಾಕಿತು, ಜನ ‘ಬೆಟರ್‌ಮೆಂಟ್ ಲೆವಿ’ ಎಂದದ್ದು ಅದನ್ನೇ. ಅದರ ಮೇಲೆ ನೀರಿನ ಕರ ಬೇರೆ. ನೀರು ಮುಟ್ಟದ ಹೊಲಕ್ಕೂ ಬೇಡಿಕೆ ನೋಟೀಸು, ನೀರು ನಿಂತು ಜವುಳಾದ ಹೊಲಕ್ಕೂ ನೋಟೀಸು. 1980ರ ಜುಲೈ 21ರಂದು ರೈತರ ಪ್ರತಿಭಟನೆ ಹಿಂಸೆಗೆ ತಿರುಗಿತು, ಗೋಲಿಬಾರಾಯಿತು. ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಗುಂಡೂರಾಯರ ಸರ್ಕಾರ ಆ ಬಳಿಕ ರೈತರಿಗೆ ರಿಯಾಯಿತಿಗಳನ್ನು ಸಾರಬೇಕಾಯಿತು. ಆ ದಿನವನ್ನು ರೈತರು ಇಂದಿಗೂ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಆ ಚಳವಳಿಗೆ ಕಾರಣಗಳು ಹಲವಿದ್ದವು. ಹತ್ತಿಯ ಬೆಲೆ, ಸಾಲ, ಅಧಿಕಾರಿಗಳ ವರ್ತನೆ ಎಲ್ಲ ಸೇರಿದ್ದವು. ಆದರೆ ಕಡತದ ಎಕರೆಗೂ ಒದ್ದೆಯಾದ ಎಕರೆಗೂ ಇದ್ದ ವ್ಯತ್ಯಾಸ ಅದರ ನಡುಮಧ್ಯದಲ್ಲಿತ್ತೆಂದು ನಮ್ಮ ಅಭಿಪ್ರಾಯ.

ಸರಾಸರಿಯ ನೀರು ಕುಡಿಯಲು ಬರುವುದಿಲ್ಲ

ಗದಗ-ಬೆಟಗೇರಿ ಅವಳಿನಗರದಲ್ಲಿ ಬೀಗರು ಬಂದರೆ ಮೊದಲು ಕೇಳುವುದು ‘ನಿಮ್ಮ ಓಣ್ಯಾಗ ನೀರು ಎಷ್ಟು ದಿವ್ಸಕ್ಕೊಮ್ಮೆ ಬಿಡ್ತಾರ್ರೀ?’ ಎಂದು. ತುಂಗಭದ್ರೆಯಿಂದ ದೂರದ ಕೊಳವೆಯಲ್ಲಿ ನೀರು ತರುವ ಈ ಊರಿನ ಕಷ್ಟ ಹಳೆಯದು. ನಗರಗಳ ನೀರು ಪೂರೈಕೆಯನ್ನು ಅಳೆಯಲು ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಮಾನದಂಡಗಳನ್ನು ಗೊತ್ತುಪಡಿಸಿತು: ತಲೆಗೆ ದಿನಕ್ಕೆ 135 ಲೀಟರ್, ಎಲ್ಲ ಮನೆಗೂ ನಲ್ಲಿ, ದಿನದ 24 ಗಂಟೆಯೂ ನೀರು. ಬರಹದಲ್ಲಿ ಒಳ್ಳೆಯ ಮಾನದಂಡವೇ.

ಆದರೆ 135 ಲೀಟರ್ ಎಂಬುದು ಸರಾಸರಿ. ಒಂದು ಲೆಕ್ಕ ಹಾಕಿ ನೋಡೋಣ. ಯಾವುದೋ ಊರಲ್ಲಿ ಒಂಬತ್ತು ದಿನಕ್ಕೊಮ್ಮೆ ನೀರು ಬಿಟ್ಟರೆಂದುಕೊಳ್ಳಿ. ಸರಾಸರಿ 135 ಆಗಬೇಕಾದರೆ ಐದು ಜನರ ಮನೆ ಆ ಒಂದೇ ದಿನ 6,075 ಲೀಟರ್ ಹಿಡಿದಿಡಬೇಕು. ನೆಲದಡಿ ತೊಟ್ಟಿ ಇದ್ದವರಿಗೆ ಅದು ಸಾಧ್ಯ. 500 ಲೀಟರಿನ ಡ್ರಮ್ಮು, ನಾಲ್ಕು ಕೊಡ ಇರುವ ಮನೆಗೆ ಆ ಒಂಬತ್ತು ದಿನ ದಕ್ಕುವುದು ತಲೆಗೆ ದಿನಕ್ಕೆ 11 ಲೀಟರ್ ಚಿಲ್ಲರೆ. ನೀರು ಬಿಟ್ಟದ್ದು ಇಬ್ಬರಿಗೂ ಸಮ. ನೀರೆತ್ತುವ ಠಾಣೆಯಲ್ಲಿ ಮೀಟರು ಓದಿ ಜನಸಂಖ್ಯೆಯಿಂದ ಭಾಗಿಸಿದ ವರದಿಯಲ್ಲಿ ಇಬ್ಬರದೂ ಒಂದೇ ಅಂಕಿ. ದಾರಿಯಲ್ಲಿ ಸೋರಿದ್ದೂ ಅದರಲ್ಲೇ ಸೇರಿರುತ್ತದೆ. ಗದಗದ ಗೃಹಿಣಿಯ ‘ಎಷ್ಟು ದಿವ್ಸಕ್ಕೊಮ್ಮೆ’ ಎಂಬ ಅಳತೆಗೋಲು ನೂರು ಪುಟದ ವರದಿಗಿಂತ ನೆಟ್ಟಗಿದೆ ಎಂದು ನಾವು ಹೇಳುವುದು ತಮಾಷೆಗಲ್ಲ. 2019ರ ಜಲಜೀವನ ಯೋಜನೆ ಹಳ್ಳಿಗಳಿಗೆ ‘ಕಾರ್ಯನಿರತ ನಲ್ಲಿ ಸಂಪರ್ಕ’ ಎಂದು ಹೆಸರಿಟ್ಟು ತಲೆಗೆ 55 ಲೀಟರ್ ಎಂದು ಬರೆದದ್ದೂ, ಊರಿನ ಗ್ರಾಮಸಭೆಯೇ ದೃಢೀಕರಿಸಬೇಕೆಂದದ್ದೂ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದೆ. ಆ ಗ್ರಾಮಸಭೆ ನಿಜವಾಗಿ ಕೂಡಿದರೆ, ಎಂದು ಸೇರಿಸಬೇಕಾದೀತು.

ಸರಾಸರಿ ತಾಲೂಕನ್ನೂ ಮುಚ್ಚುತ್ತದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ಪ್ರಾದೇಶಿಕ ಅಸಮತೋಲನದ ವರದಿ ನಮ್ಮ ರಾಜ್ಯದಲ್ಲಿ ಅಳತೆಯ ಕೆಲಸಕ್ಕೆ ಒಂದು ಮೇಲ್ಪಂಕ್ತಿ. 35 ಸೂಚ್ಯಂಕಗಳನ್ನು ಹಿಡಿದು ಆಗಿದ್ದ 175 ತಾಲೂಕುಗಳನ್ನು ತೂಗಿದರು. 114 ಹಿಂದುಳಿದವು ಎಂದಾಯಿತು: 39 ಅತ್ಯಂತ, 40 ಅತಿ, 35 ಹಿಂದುಳಿದವು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ಯೋಜನೆ ಸೂಚಿಸಿದರು. ಅಲ್ಲಿಂದಾಚೆಗೆ ಸದನದಲ್ಲಿ ಉತ್ತರ ಕರ್ನಾಟಕದ ಶಾಸಕರು ಮಾತನಾಡಲು ಎದ್ದರೆ ಕೈಯಲ್ಲಿ ಆ ವರದಿ ಇರುತ್ತದೆ. ಅದು ಆ ವರದಿಯ ದೊಡ್ಡ ಗೆಲುವು. ಆದರೆ ಆ 175ರಲ್ಲಿ ಲಕ್ಷ್ಮೇಶ್ವರ ಇಲ್ಲ. ಪುಲಿಗೆರೆಯೆಂದು ಪ್ರಸಿದ್ಧವಾಗಿದ್ದ, ಪೇಟೆ-ವ್ಯಾಪಾರವುಳ್ಳ ಆ ಊರು ಆಗ ಶಿರಹಟ್ಟಿ ತಾಲೂಕಿನೊಳಗಿತ್ತು. ಪ್ರತ್ಯೇಕ ತಾಲೂಕಾದದ್ದು ಆಮೇಲೆ. ಆದ್ದರಿಂದ ಲಕ್ಷ್ಮೇಶ್ವರದ ಅಂಗಡಿ, ಬ್ಯಾಂಕು, ಶಾಲೆಗಳೆಲ್ಲ ಶಿರಹಟ್ಟಿಯ ಅಂಕಿಗೆ ಸೇರಿದ್ದವು. ಕಪ್ಪತಗುಡ್ಡದ ಕಡೆಯ ತಾಂಡಾದವನ ಪಾಲಿಗೆ ದೂರದ ಪೇಟೆಯ ಬ್ಯಾಂಕೂ ಅವನ ತಾಲೂಕಿನ ಏಳಿಗೆಯೇ. ಈ ಕೆಲಸವನ್ನು ಹೊಸದಾಗಿ ಮಾಡಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅಳತೆಯ ಗೆರೆ ಎಲ್ಲಿ ಹಾಕುತ್ತೀರಿ ಎಂಬುದೇ ಅರ್ಧ ಉತ್ತರವಾಗಿಬಿಡುತ್ತದೆ. ಮಲೆನಾಡಿನಲ್ಲೂ ಹೆದ್ದಾರಿ ಬದಿಯ ಪೇಟೆಯೊಂದು ಇಡೀ ತಾಲೂಕಿನ ಮುಖವನ್ನು ತೊಳೆದಿಡುವುದನ್ನು ನಾವು ನೋಡಿಲ್ಲವೇ?

ಪರೀಕ್ಷಿಸುವವರು

ಇಲಾಖೆ ತನ್ನ ಅಂಕಪಟ್ಟಿಯನ್ನು ತಾನೇ ಬರೆದುಕೊಂಡರೆ ಮೌಲ್ಯಮಾಪಕರು ಬೇರೆ ಬೇಕು. ಸಂವಿಧಾನದ 151ನೆಯ ವಿಧಿಯ ಪ್ರಕಾರ ಸಿಎಜಿ ಎಂದು ನಾವು ಕರೆಯುವ ಮಹಾಲೇಖಪಾಲರ ವರದಿ ರಾಜ್ಯಪಾಲರಿಗೆ ಹೋಗಿ, ಅವರ ಮೂಲಕ ವಿಧಾನಮಂಡಲದ ಮುಂದೆ ಬರುತ್ತದೆ. ಲೆಕ್ಕದ ತಪ್ಪು ಹುಡುಕುವುದಲ್ಲದೆ, ಆರಿಸಿದ ಯೋಜನೆಗಳ ‘ಕಾರ್ಯನಿರ್ವಹಣಾ ಲೆಕ್ಕಪರಿಶೋಧನೆ’ಯನ್ನೂ ಅವರು ಮಾಡುತ್ತಾರೆ, ಸ್ಥಳಕ್ಕೆ ಹೋಗಿ ಕಾಲುವೆ ಅಳೆದು, ಹಾಜರಿ ನೋಡಿ, ಫಲಾನುಭವಿಗಳನ್ನು ಮಾತನಾಡಿಸಿ ಬರೆಯುವ ವರದಿಗಳವು. ಆಸಕ್ತರು ತರಿಸಿ ಓದಬೇಕು. ಭಾಷೆ ಒಣಗಿದ್ದರೂ ಒಳಗೆ ತಿರುಳಿದೆ. ತೊಂದರೆಯೆಂದರೆ ವರದಿ ಸದನಕ್ಕೆ ಬರುವ ಹೊತ್ತಿಗೆ ಕೆಲಸ ಮಾಡಿಸಿದ ಅಧಿಕಾರಿ ವರ್ಗವಾಗಿಯೋ ನಿವೃತ್ತರಾಗಿಯೋ ಇರುತ್ತಾರೆ.

ಆ ವರದಿಯನ್ನು ಬಿಡಿಸಿ ವಿಚಾರಿಸುವುದು ಎರಡೂ ಸದನಗಳ ಸದಸ್ಯರಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಅದರ ಅಧ್ಯಕ್ಷತೆ ವಿರೋಧಪಕ್ಷದವರಿಗೆ ಹೋಗುವುದು ರೂಢಿ. ಗದಗದ ಶಾಸಕ ಎಚ್. ಕೆ. ಪಾಟೀಲರು ಈ ಸಮಿತಿಯ ಅಧ್ಯಕ್ಷರಾಗಿದ್ದಾಗ, 2020ರಲ್ಲಿ, ಕೊರೊನಾ ಕಾಲದ ವೈದ್ಯಕೀಯ ಸಾಮಗ್ರಿ ಖರೀದಿಯ ಬಗ್ಗೆ ಸ್ಥಳ ಪರಿಶೀಲನೆಗೆ ಹೊರಟರು. ಸೋಂಕಿನ ಕಾರಣದಿಂದ ಸದನ ಸಮಿತಿಗಳ ಸ್ಥಳಭೇಟಿ ಬೇಡವೆಂದು ಸಭಾಧ್ಯಕ್ಷರು ತಡೆದರು. ಸರಿಯೋ ತಪ್ಪೋ ಎಂದು ಆಗ ಸಾಕಷ್ಟು ಚರ್ಚೆಯಾಯಿತು. ಪಕ್ಷಗಳ ವಾದಕ್ಕೆ ನಾವು ಇಳಿಯುವುದಿಲ್ಲ. ಆದರೆ ಕಾಗದ ನೋಡುವುದಕ್ಕೂ ಉಗ್ರಾಣದ ಬಾಗಿಲು ತೆಗೆಸಿ ನೋಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತೆಂಬುದು ಆ ಪ್ರಕರಣದಿಂದ ತಿಳಿಯುತ್ತದೆ.

ಇವಲ್ಲದೆ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಸದನದಲ್ಲಿ ಸಚಿವರು ಕೊಟ್ಟ ಮಾತು ನಡೆಯಿತೇ ಎಂದು ನೋಡುವ ಭರವಸೆಗಳ ಸಮಿತಿಯಿದೆ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ರಹಿತ ಪ್ರಶ್ನೆಗಳಿವೆ. ಇವುಗಳಲ್ಲಿ ಪ್ರಶ್ನೆ ನಮ್ಮಂಥವರ ಕೈಗೆಟುಕುವ ಆಯುಧ. ಏಕೆಂದರೆ ಶಾಸಕರಿಗೆ ಪ್ರಶ್ನೆ ಒದಗಿಸಬಲ್ಲವರು ಹೊಲದಲ್ಲಿರುವವರೇ.

ನಮ್ಮ ತೋಟದ ಅಂಕಿಗಳು

ನಮ್ಮ ಬೆಳೆಗಳ ವಿಚಾರಕ್ಕೆ ಬಂದರೆ ಕಾಫಿಯವರು ಒಂದು ವಿಷಯದಲ್ಲಿ ಪುಣ್ಯವಂತರು. ಕಾಫಿ ಮಂಡಳಿ ಹೂ ಬಿಟ್ಟ ಮೇಲೆ ಒಂದು ಅಂದಾಜು, ಮಳೆಗಾಲ ಕಳೆದ ಮೇಲೆ ಇನ್ನೊಂದು ಅಂದಾಜು ಹಾಕುತ್ತದೆ. ಮೊದಲ ಅಂಕಿ ತಪ್ಪಿದರೆ ಎರಡನೆಯದು ಅದನ್ನು ತೋರಿಸಿಕೊಡುತ್ತದೆ. ಎಷ್ಟು ಕಾಯಿ ಉದುರಿತೆಂಬುದು ಕಾಗದದ ಮೇಲೆ ಉಳಿಯುತ್ತದೆ. ಮಂಡಳಿಯ ವಾರ್ಷಿಕ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರುತ್ತದೆ. ನೀರಾವರಿಯಲ್ಲೂ ‘ಕಾಲುವೆ ಮುಗಿದಾಗ’ ಒಂದು, ‘ಮೂರು ಬೆಳೆ ಆದ ಮೇಲೆ’ ಒಂದು ಎಂದು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಡುವ ಪದ್ಧತಿ ಬಂದರೆ ಮುಂಡರಗಿಯ ರೈತ ಹರಸಿಯಾನು.

ಅಡಿಕೆ-ಕಾಳುಮೆಣಸಿನವರ ಪಾಡು ಬೇರೆ. 2016ರಿಂದ ನಡೆದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಬೆಳೆಗಾರ ವಿಮಾ ಮೊತ್ತದ ಶೇಕಡಾ 5 ಕಟ್ಟುತ್ತಾನೆ. ಪರಿಹಾರ ನಿಲ್ಲುವುದು ಉದುರಿದ ಕಾಯಿಯ ಮೇಲಲ್ಲ, ಗ್ರಾಮ ಪಂಚಾಯತಿಗೆ ನಿಗದಿಯಾದ ಮಳೆಮಾಪಕದ ಅಂಕಿಯ ಮೇಲೆ. ಕೊಳೆರೋಗಕ್ಕೆ ಅರ್ಧ ಫಸಲು ಹೋಗಿದ್ದರೂ ಮಾಪಕ ಕೆಟ್ಟು ನಿಂತಿದ್ದರೆ, ಇಲ್ಲವೇ ಗುಡ್ಡದ ಆಚೆ ಮಗ್ಗುಲಿನ ಮಾಪಕದ ಅಂಕಿ ಹಿಡಿದರೆ, ಲೆಕ್ಕ ಬೇರೆಯೇ ಆಗುತ್ತದೆ. ಒಂದು ದರೆ ದಾಟಿದರೆ ಮಳೆ ಎಷ್ಟು ಬದಲಾಗುತ್ತದೆಂದು ಆಗುಂಬೆ, ಶೃಂಗೇರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಸದನದ ಮುಂದೆ ಹೋಗುವ ವಿವರದಲ್ಲಿ ನೋಂದಾಯಿಸಿದ ರೈತರೆಷ್ಟು, ಕಂತು ಎಷ್ಟು, ಪರಿಹಾರ ಎಷ್ಟು ಎಂಬುದಿರುತ್ತದೆ. ಯಾವ ಮಾಪಕ ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಮಾಡಲಿಲ್ಲ ಎಂಬ ಕಲಮು ಬೇಕೆಂದು ನಾವು ಕೇಳಬೇಕು.

ಕೇಳುವುದಕ್ಕೆ ದಾರಿ ಕಷ್ಟದ್ದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನಗಳ ಅವಧಿ. ‘ಮಳೆಯ ಬಗ್ಗೆ ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ಪಂಚಾಯತಿಯ ಹೆಸರು, ಜೂನ್ 1ರಿಂದ ಸೆಪ್ಟೆಂಬರ್ 30ರವರೆಗಿನ ದಿನವಹಿ ಅಂಕಿ, ಅಂಕಿ ದಾಖಲಾಗದ ದಿನಾಂಕಗಳು, ಆ ದಿನಗಳಿಗೆ ಯಾವ ಕೇಂದ್ರದ ಅಂಕಿ ಬಳಸಲಾಯಿತು ಎಂದು ನಿರ್ದಿಷ್ಟವಾಗಿ ಬರೆಯಬೇಕು. ಜೊತೆಗೆ ಸದಸ್ಯರು ತಮ್ಮ ಅಂಗಳದ ಮಳೆಮಾಪಕದ ಅಂಕಿಯನ್ನು ಅದೇ ತಾರೀಖುಗಳಿಗೆ ಬರೆದಿಟ್ಟುಕೊಂಡಿರಬೇಕು. ನಮ್ಮ ಅನೇಕ ಹಳೆಯ ಮನೆಗಳಲ್ಲಿ ಆ ವಹಿ ಅಜ್ಜನ ಕಾಲದಿಂದಲೂ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟ ಒಂದು ಹಾಳೆಯನ್ನು ಅಧಿವೇಶನ ಗೊತ್ತಾದ ಕೂಡಲೇ ನಿಮ್ಮ ಕ್ಷೇತ್ರದ ಶಾಸಕರಿಗೆ ತಲುಪಿಸಿ, ಒಂದು ಪ್ರತಿಯನ್ನು ನಮ್ಮ ಸಂಘದ ಕಚೇರಿಗೂ ಕಳಿಸಿಕೊಡಿ.